ನವೆಂಬರ್ 14ರಂದು ಹುಟ್ಟಿದ ಮತ್ತೊಬ್ಬರು: ಇನ್ಸುಲಿನ್ ನೀಡಿದ ಡಾ. ಫ್ರೆಡೆರಿಕ್ ಬ್ಯಾಂಟಿಂಗ್

ಪ್ರತಿ ವರ್ಷ ನವೆಂಬರ್ 14ರಂದು ನಾವು ಪಂಡಿತ ಜವಾಹರಲಾಲ್ ನೆಹರೂ ಅವರ ಜನ್ಮದಿನವನ್ನು ಮಕ್ಕಳ ದಿನವನ್ನಾಗಿ ಆಚರಿಸುತ್ತೇವೆ. ಹೊರನಾಡಿನ ನಮ್ಮ ಕನ್ನಡ ಸಂಘಗಳಲ್ಲಿ ಆ ಹೊತ್ತಿಗೆ ರಾಜ್ಯೋತ್ಸವದ ಸಂಭ್ರಮ ಇನ್ನೂ ಮುಗಿದಿರುವುದಿಲ್ಲ. ಅದರ ನಡುವೆಯೇ ಮಕ್ಕಳಿಗಾಗಿ ಚಿತ್ರಕಲೆ, ವೇಷಭೂಷಣ, ಭಾವಗೀತೆ ಸ್ಪರ್ಧೆಗಳು ನಡೆಯುತ್ತವೆ. ಕೊನೆಯಲ್ಲಿ ಸಿಹಿ ಹಂಚಲಾಗುತ್ತದೆ. ಆ ಸಿಹಿಯನ್ನು ಮುಟ್ಟಲು ಹಿಂಜರಿಯುವ ಒಂದಿಬ್ಬರು ಮಕ್ಕಳೂ ಸಾಲಿನಲ್ಲಿ ಇರಬಹುದು ಎಂಬುದು ನಮ್ಮ ಗಮನಕ್ಕೆ ಬರುವುದು ಕಡಿಮೆ. ಅಂತಹ ಮಕ್ಕಳು ಇಂದು ಶಾಲೆಗೆ ಹೋಗುತ್ತಾ, ಆಡುತ್ತಾ, ದೊಡ್ಡವರಾಗಿ ಸಂಸಾರವಂದಿಗರಾಗುತ್ತಿದ್ದಾರೆ ಎಂದರೆ ಅದಕ್ಕೆ ಮುಖ್ಯ ಕಾರಣರಾದ ವೈದ್ಯರೊಬ್ಬರು ನೆಹರೂ ಅವರಿಗಿಂತ ಸರಿಯಾಗಿ ಎರಡು ವರ್ಷಗಳ ನಂತರ, ಅದೇ ನವೆಂಬರ್ 14ರಂದು, 1891ರಲ್ಲಿ, ದೂರದ ಕೆನಡಾ ದೇಶದಲ್ಲಿ ಜನಿಸಿದರು. ಅವರೇ ಡಾ. ಫ್ರೆಡೆರಿಕ್ ಗ್ರ್ಯಾಂಟ್ ಬ್ಯಾಂಟಿಂಗ್. 1991ರಿಂದ ಅವರ ಜನ್ಮದಿನವನ್ನೇ ವಿಶ್ವ ಮಧುಮೇಹ ದಿನವೆಂದು ಆಚರಿಸಲಾಗುತ್ತಿದೆ. 2006ರಲ್ಲಿ ವಿಶ್ವಸಂಸ್ಥೆಯೂ ಈ ದಿನಕ್ಕೆ ಮನ್ನಣೆ ನೀಡಿತು.

ನಮ್ಮ ಓದುಗರಲ್ಲಿ ಸಕ್ಕರೆ ಕಾಯಿಲೆಯ ಹೆಸರು ಕೇಳದ ಮನೆ ಬಹುಶಃ ಒಂದೂ ಇರಲಾರದು. ತಂದೆಗೋ ತಾಯಿಗೋ ಅತ್ತೆಗೋ ಮಾವನಿಗೋ ಮಾತ್ರೆ ನಡೆದಿರುತ್ತದೆ. ಕೆಲವರ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಹಾಲು ಮೊಸರಿನ ಪಕ್ಕದಲ್ಲಿ ಇನ್ಸುಲಿನ್ನಿನ ಪುಟ್ಟ ಸೀಸೆಯೂ ಇರುತ್ತದೆ. ಆ ಸೀಸೆಯ ಹಿಂದೆ ಇರುವ ಮನುಷ್ಯರ ಕಥೆಯನ್ನು ತಿಳಿದುಕೊಳ್ಳುವುದು ಉಚಿತವೆಂದು ನಾವು ಭಾವಿಸುತ್ತೇವೆ. ಅದು ಒಬ್ಬ ಮಹಾಪುರುಷನ ನಿಷ್ಕಳಂಕ ವಿಜಯದ ಕಥೆಯಲ್ಲ. ಅದರಲ್ಲಿ ಛಲವಿದೆ, ತಪ್ಪು ಊಹೆಯಿದೆ, ಜಗಳವಿದೆ, ಔದಾರ್ಯವೂ ಇದೆ.

ದೇಹದೊಳಗಿನ ಕಿರುದ್ವೀಪಗಳು

ಬ್ಯಾಂಟಿಂಗ್ ಅವರ ಸಾಧನೆಯನ್ನು ಅರಿಯಬೇಕಾದರೆ ಮೊದಲು ನಮ್ಮ ಶರೀರದ ಒಂದು ವ್ಯವಸ್ಥೆಯನ್ನು ಅರಿಯಬೇಕು. ಜಠರದ ಹಿಂಬದಿಯಲ್ಲಿ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿಯಲ್ಲಿ ಎರಡು ಬಗೆಯ ಅಂಗಾಂಶಗಳಿವೆ. ಗ್ರಂಥಿಯ ಬಹುಭಾಗವನ್ನು ಆವರಿಸಿರುವ ಅಂಗಾಂಶವು ಜೀರ್ಣರಸವನ್ನು ತಯಾರಿಸಿ ನಾಳದ ಮೂಲಕ ಸಣ್ಣ ಕರುಳಿಗೆ ಕಳುಹಿಸುತ್ತದೆ. ಇದರ ನಡುನಡುವೆ, ಸಮುದ್ರದಲ್ಲಿ ದ್ವೀಪಗಳು ಚದುರಿದಂತೆ, ಬೇರೊಂದು ಬಗೆಯ ಜೀವಕೋಶಗಳ ಸಣ್ಣ ಗುಂಪುಗಳಿವೆ. 1869ರಲ್ಲಿ ಜರ್ಮನಿಯ ವೈದ್ಯ ವಿದ್ಯಾರ್ಥಿ ಪೌಲ್ ಲ್ಯಾಂಗರ್‌ಹ್ಯಾನ್ಸ್ ಇವುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದರು; ಆದರೆ ಅವುಗಳ ಕೆಲಸವೇನೆಂಬುದು ಅವರಿಗೆ ತಿಳಿಯಲಿಲ್ಲ. ಈ ದ್ವೀಪಗಳಿಗೆ ನಾಳವಿಲ್ಲ. ಇವು ತಮ್ಮ ಸ್ರಾವವನ್ನು ನೇರವಾಗಿ ರಕ್ತಕ್ಕೇ ಸುರಿಯುತ್ತವೆ.

ಹೀಗೆ ರಕ್ತದ ಮೂಲಕ ಹರಿದು, ದೂರದ ಅಂಗಗಳಿಗೆ ಆಜ್ಞೆಯನ್ನು ಒಯ್ಯುವ ರಾಸಾಯನಿಕ ದೂತರಿಗೆ 1905ರಲ್ಲಿ ಇಂಗ್ಲೆಂಡಿನ ಶರೀರವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ ಹಾರ್ಮೋನು ಎಂಬ ಹೆಸರನ್ನು ಬಳಕೆಗೆ ತಂದರು. ಪ್ರಚೋದಿಸು ಎಂಬ ಅರ್ಥದ ಗ್ರೀಕ್ ಪದ ಅದರ ಮೂಲ. ಕಿರುದ್ವೀಪಗಳಿಂದ ಹೊರಡುವ ಮುಖ್ಯ ಹಾರ್ಮೋನೇ ಇನ್ಸುಲಿನ್. ದ್ವೀಪವೆಂಬ ಅರ್ಥದ ಲ್ಯಾಟಿನ್ ಪದದಿಂದ ಈ ಹೆಸರು ಬಂದಿದೆ.

ನಾವು ಅನ್ನವನ್ನೋ ಮುದ್ದೆಯನ್ನೋ ಉಂಡಾಗ ಅದರಲ್ಲಿನ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ರೂಪದಲ್ಲಿ ರಕ್ತವನ್ನು ಸೇರುತ್ತದೆ. ರಕ್ತದಲ್ಲಿ ಸಕ್ಕರೆ ಏರಿದ್ದನ್ನು ಕಿರುದ್ವೀಪಗಳಲ್ಲಿರುವ ಬೀಟಾ ಕೋಶಗಳು ಕೂಡಲೇ ಗುರುತಿಸಿ ಇನ್ಸುಲಿನ್ನನ್ನು ಹೊರಬಿಡುತ್ತವೆ. ಸ್ನಾಯು ಮತ್ತು ಕೊಬ್ಬಿನ ಅಂಗಾಂಶಗಳ ಕೋಶಗಳು ಈ ದೂತನ ಸಂದೇಶ ತಲುಪಿದೊಡನೆ ಗ್ಲೂಕೋಸನ್ನು ಒಳಕ್ಕೆ ಕರೆದುಕೊಳ್ಳುತ್ತವೆ. ಯಕೃತ್ತು ಹೆಚ್ಚಿನ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಉಪವಾಸದ ಹೊತ್ತಿನಲ್ಲಿ ರಕ್ತದ ಸಕ್ಕರೆ ಇಳಿದಾಗ ಅದೇ ದ್ವೀಪಗಳ ಆಲ್ಫಾ ಕೋಶಗಳು ಗ್ಲುಕಗಾನ್ ಎಂಬ ಮತ್ತೊಂದು ಹಾರ್ಮೋನನ್ನು ಕಳುಹಿಸಿ ಯಕೃತ್ತಿನ ಉಗ್ರಾಣವನ್ನು ತೆರೆಸುತ್ತವೆ. ಈ ಎರಡರ ಹೊಂದಾಣಿಕೆಯಿಂದ ರಕ್ತದ ಸಕ್ಕರೆ ಹಗಲಿರುಳೂ ಒಂದು ಮಿತಿಯೊಳಗೆ ಉಳಿಯುತ್ತದೆ.

ಇನ್ಸುಲಿನ್ ಇಲ್ಲವಾದರೆ ಈ ಲೆಕ್ಕವೆಲ್ಲ ತಪ್ಪುತ್ತದೆ. ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಕೋಶಗಳ ಪಾಲಿಗೆ ಅದು ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ. ಮೂತ್ರಪಿಂಡಗಳು ಹೆಚ್ಚಾದ ಸಕ್ಕರೆಯನ್ನು ನೀರಿನೊಂದಿಗೆ ಹೊರಹಾಕುತ್ತವೆ. ಅದರಿಂದ ಅತಿಯಾದ ಮೂತ್ರ, ಅಡಗದ ಬಾಯಾರಿಕೆ. ಆಹಾರ ಸಿಗದ ದೇಹ ತನ್ನ ಕೊಬ್ಬನ್ನೇ, ಮಾಂಸವನ್ನೇ ಕರಗಿಸಿಕೊಳ್ಳುತ್ತದೆ. ಕೊಬ್ಬು ಮಿತಿಮೀರಿ ಕರಗಿದಾಗ ಉಂಟಾಗುವ ಕೀಟೋನ್‌ಗಳು ರಕ್ತವನ್ನು ಆಮ್ಲೀಯವಾಗಿಸುತ್ತವೆ. ಕೊನೆಗೆ ರೋಗಿ ಪ್ರಜ್ಞೆ ತಪ್ಪಿ ಸಾವನ್ನಪ್ಪುತ್ತಾನೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮೊದಲನೆಯ ಬಗೆಯ ಮಧುಮೇಹದಲ್ಲಿ ಬೀಟಾ ಕೋಶಗಳೇ ನಾಶವಾಗಿರುತ್ತವೆ. ದೊಡ್ಡವರಲ್ಲಿ ಸಾಮಾನ್ಯವಾದ ಎರಡನೆಯ ಬಗೆಯಲ್ಲಿ ಇನ್ಸುಲಿನ್ನಿನ ಆಜ್ಞೆಗೆ ಅಂಗಾಂಶಗಳು ಸರಿಯಾಗಿ ಓಗೊಡುವುದಿಲ್ಲ. ಕ್ರಮೇಣ ಗ್ರಂಥಿಯೂ ದಣಿಯುತ್ತದೆ.

ಮೂತ್ರ ಸಿಹಿಯಾಗುವ ಈ ರೋಗವನ್ನು ನಮ್ಮ ಆಯುರ್ವೇದದ ಆಚಾರ್ಯರು ಬಹು ಹಿಂದೆಯೇ ಗುರುತಿಸಿ ಮಧುಮೇಹವೆಂದು ಕರೆದಿದ್ದರು. ಆದರೆ ರೋಗದ ನೆಲೆ ಮೇದೋಜೀರಕ ಗ್ರಂಥಿಯಲ್ಲಿದೆ ಎಂಬುದು ದೃಢಪಟ್ಟಿದ್ದು 1889ರಲ್ಲಿ. ಆಗ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓಸ್ಕರ್ ಮಿಂಕೋವ್‌ಸ್ಕಿ ಮತ್ತು ಯೋಸೆಫ್ ಫಾನ್ ಮೇರಿಂಗ್ ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ತೀವ್ರ ಮಧುಮೇಹ ಬಂತು. ಹಾಗಾದರೆ ಗ್ರಂಥಿಯ ಸಾರವನ್ನು ತೆಗೆದು ರೋಗಿಗೆ ಕೊಟ್ಟರೆ ಗುಣವಾಗಬೇಕಲ್ಲವೇ? ಮುಂದಿನ ಮೂವತ್ತು ವರ್ಷಗಳಲ್ಲಿ ಹಲವು ವಿಜ್ಞಾನಿಗಳು ಇದನ್ನು ಪ್ರಯತ್ನಿಸಿದರು. ಕೆಲವರಿಗೆ ಗುರಿ ಕೈಗೆಟಕುವಷ್ಟು ಹತ್ತಿರ ಬಂತು. ಆದರೆ ಸಾರದಲ್ಲಿ ಬೆರೆತ ಕಲ್ಮಷಗಳಿಂದ ಜ್ವರ, ಬಾವು, ನಡುಕ ಉಂಟಾಗಿ ಚಿಕಿತ್ಸೆ ನಿಂತುಹೋಯಿತು.

ಆ ಕಾಲದಲ್ಲಿ ವೈದ್ಯರ ಕೈಯಲ್ಲಿದ್ದ ಏಕೈಕ ಉಪಾಯ ಉಪವಾಸ. ಅಮೆರಿಕದ ಡಾ. ಫ್ರೆಡೆರಿಕ್ ಆಲೆನ್ ರೂಪಿಸಿದ ಕಠಿಣ ಪಥ್ಯದಲ್ಲಿ ಮಕ್ಕಳಿಗೆ ದಿನಕ್ಕೆ ಕೆಲವೇ ನೂರು ಕ್ಯಾಲೊರಿಗಳಷ್ಟು ಆಹಾರ ಸಿಗುತ್ತಿತ್ತು. ಸಾವು ಒಂದೆರಡು ವರ್ಷ ಮುಂದೆ ಹೋಗುತ್ತಿತ್ತು, ಅಷ್ಟೇ. ಮೂಳೆಚಕ್ಕಳವಾದ ಮಗು ಒಂದು ತುಂಡು ರೊಟ್ಟಿಗಾಗಿ ಬೇಡುವುದನ್ನು ಕಂಡೂ ಕೊಡಲಾಗದ ತಾಯಿಯ ಸಂಕಟವನ್ನು ನಾವು ಊಹಿಸಿಕೊಳ್ಳಬಹುದು.

ರೈತನ ಮಗ, ರೋಗಿಗಳಿಲ್ಲದ ವೈದ್ಯ

ಬ್ಯಾಂಟಿಂಗ್ ಅವರು ಟೊರಾಂಟೊ ನಗರದ ವಾಯವ್ಯಕ್ಕಿರುವ ಆಲಿಸ್ಟನ್ ಎಂಬ ಊರಿನ ರೈತ ಕುಟುಂಬದಲ್ಲಿ ಐವರು ಮಕ್ಕಳ ಪೈಕಿ ಕಿರಿಯವರಾಗಿ ಜನಿಸಿದರು. ತಂದೆ ವಿಲಿಯಂ, ತಾಯಿ ಮಾರ್ಗರೆಟ್. ಓದಿನಲ್ಲಿ ಅವರು ಪ್ರತಿಭಾವಂತರೆಂದು ಹೆಸರಾಗಿರಲಿಲ್ಲ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಕಲಾವಿಭಾಗದ ಮೊದಲ ವರ್ಷದಲ್ಲೇ ಅನುತ್ತೀರ್ಣರಾದರು. 1912ರಲ್ಲಿ ವೈದ್ಯಶಿಕ್ಷಣಕ್ಕೆ ಸೇರಿದ ಅವರು, ಮೊದಲ ಮಹಾಯುದ್ಧದ ಕಾರಣ ತ್ವರಿತಗೊಳಿಸಿದ ತರಗತಿಯಲ್ಲಿ 1916ರ ಕೊನೆಗೆ ಪದವಿ ಪಡೆದು ಸೇನೆಯ ವೈದ್ಯದಳವನ್ನು ಸೇರಿದರು. 1918ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಕಾಂಬ್ರೆ ಬಳಿಯ ಕದನದಲ್ಲಿ ಸಿಡಿಗುಂಡಿನ ಚೂರು ತೋಳಿಗೆ ನಾಟಿತು. ಗಾಯದ ನಡುವೆಯೂ ಇತರ ಗಾಯಾಳುಗಳ ಆರೈಕೆ ಮಾಡಿದ್ದಕ್ಕಾಗಿ ಮಿಲಿಟರಿ ಕ್ರಾಸ್ ಪದಕ ದೊರೆಯಿತು.

ಊರಿಗೆ ಮರಳಿದ ಮೇಲೆ ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿ ಪಡೆದರು. ಆದರೆ ಅಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1920ರ ಜುಲೈನಲ್ಲಿ ಕೆನಡಾದ ಲಂಡನ್ ಎಂಬ ಊರಿನಲ್ಲಿ ಮನೆ ಕೊಂಡು ದವಾಖಾನೆ ತೆರೆದರು. ದಿನಗಟ್ಟಲೆ ಕಾದರೂ ರೋಗಿಗಳು ಬರಲಿಲ್ಲ. ಮೊದಲ ತಿಂಗಳ ಸಂಪಾದನೆ ಕೇವಲ 4 ಡಾಲರ್. ಹೊಟ್ಟೆಪಾಡಿಗಾಗಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಣ್ಣದೊಂದು ಬೋಧನಾ ಕೆಲಸ ಹಿಡಿದರು.

ಆ ಕೆಲಸದ ನಿಮಿತ್ತವೇ, ದೇಹವು ಸಕ್ಕರೆಯನ್ನು ಬಳಸಿಕೊಳ್ಳುವ ಬಗೆಯ ಕುರಿತು ಪಾಠ ಮಾಡಬೇಕಾಗಿ ಬಂದು, 1920ರ ಅಕ್ಟೋಬರ್ 30ರ ರಾತ್ರಿ ಅವರು ವೈದ್ಯಪತ್ರಿಕೆಯೊಂದನ್ನು ಓದಿದರು. ಮೇದೋಜೀರಕದ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಾಗ ಜೀರ್ಣರಸದ ಅಂಗಾಂಶ ನಶಿಸಿದರೂ ಕಿರುದ್ವೀಪಗಳು ಉಳಿದುಕೊಳ್ಳುತ್ತವೆ ಎಂಬ ವಿಚಾರ ಮೋಸೆಸ್ ಬ್ಯಾರನ್ ಎಂಬವರ ಲೇಖನದಲ್ಲಿತ್ತು. ನಿದ್ದೆ ಬಾರದೆ ಹೊರಳಾಡಿದ ಬ್ಯಾಂಟಿಂಗ್, ನಡುರಾತ್ರಿ ಕಳೆದ ಮೇಲೆ ಎದ್ದು ಪುಸ್ತಕದಲ್ಲಿ ಕೆಲವು ಸಾಲು ಬರೆದಿಟ್ಟರು. ನಾಯಿಯ ಮೇದೋಜೀರಕ ನಾಳವನ್ನು ದಾರದಿಂದ ಕಟ್ಟಿ, ಜೀರ್ಣರಸದ ಭಾಗ ನಶಿಸುವವರೆಗೆ ಕಾದು, ಉಳಿದ ದ್ವೀಪಗಳಿಂದ ಸಾರ ತೆಗೆಯಬೇಕು ಎಂಬುದು ಅದರ ತಾತ್ಪರ್ಯ. ಜೀರ್ಣರಸವೇ ಹಾರ್ಮೋನನ್ನು ನಾಶಮಾಡುತ್ತಿರಬೇಕು ಎಂಬುದು ಅವರ ಊಹೆಯಾಗಿತ್ತು. ಆ ಟಿಪ್ಪಣಿಯಲ್ಲಿ ಮಧುಮೇಹದ ಇಂಗ್ಲಿಷ್ ಹೆಸರನ್ನೇ ಅವರು ತಪ್ಪಾಗಿ ಬರೆದಿದ್ದರು.

1921ರ ಬೇಸಿಗೆ

ಒಂದು ವಾರದ ನಂತರ, ನವೆಂಬರ್ 8ರಂದು, ಬ್ಯಾಂಟಿಂಗ್ ಅವರು ಟೊರಾಂಟೊ ವಿಶ್ವವಿದ್ಯಾಲಯದ ಶರೀರವಿಜ್ಞಾನ ಪ್ರಾಧ್ಯಾಪಕ ಜಾನ್ ಮೆಕ್ಲಿಯೋಡ್ ಅವರನ್ನು ಕಂಡರು. ಸ್ಕಾಟ್ಲೆಂಡಿನವರಾದ ಮೆಕ್ಲಿಯೋಡ್ ದೇಹದಲ್ಲಿ ಸಕ್ಕರೆಯ ವಿನಿಯೋಗದ ವಿಷಯದಲ್ಲಿ ಜಗನ್ಮಾನ್ಯ ವಿದ್ವಾಂಸರು. ಸಂಶೋಧನೆಯ ಅನುಭವವೇ ಇಲ್ಲದ ಈ ಯುವಕನ ಮಾತು ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಆದರೂ ಪ್ರಯೋಗ ಮಾಡಿ ನೋಡುವುದರಲ್ಲಿ ತಪ್ಪಿಲ್ಲವೆಂದು ಬೇಸಿಗೆಯಲ್ಲಿ ಒಂದು ಕೋಣೆ, ಕೆಲವು ನಾಯಿಗಳು ಮತ್ತು ಒಬ್ಬ ಸಹಾಯಕನನ್ನು ಒದಗಿಸಲು ಒಪ್ಪಿದರು. ಸಹಾಯಕ್ಕೆ ಇಬ್ಬರು ವಿದ್ಯಾರ್ಥಿಗಳಿದ್ದರು, ಚಾರ್ಲ್ಸ್ ಬೆಸ್ಟ್ ಮತ್ತು ಕ್ಲಾರ್ಕ್ ನೋಬಲ್. ಮೊದಲ ಸರದಿ ಯಾರದೆಂದು ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಸರದಿ ಬೆಸ್ಟ್ ಅವರದಾಯಿತು. ನೋಬಲ್ ಅವರ ಸರದಿ ಬರಲೇ ಇಲ್ಲ.

1921ರ ಮೇ 17ರಂದು ಕೆಲಸ ಆರಂಭವಾಯಿತು. ಮೆಕ್ಲಿಯೋಡ್ ಶಸ್ತ್ರಕ್ರಿಯೆಯ ವಿಧಾನವನ್ನು ತೋರಿಸಿಕೊಟ್ಟು ಜೂನ್ ತಿಂಗಳಲ್ಲಿ ಸ್ಕಾಟ್ಲೆಂಡಿಗೆ ತೆರಳಿದರು. ಕಟ್ಟಡದ ಮೇಲಂತಸ್ತಿನ ಸೆಕೆಯಲ್ಲಿ ಇಬ್ಬರೂ ಹಗಲಿರುಳು ದುಡಿದರು. ಆರಂಭದಲ್ಲಿ ನಾಯಿಗಳು ಒಂದಾದ ಮೇಲೊಂದು ಸತ್ತವು. ಹೊಸ ನಾಯಿಗಳನ್ನು ಕೈಯಿಂದ ಹಣ ಕೊಟ್ಟು ಬೀದಿಯಿಂದ ಕೊಂಡುತಂದರು. ಜುಲೈ 30ರಂದು, ಮೇದೋಜೀರಕವನ್ನು ತೆಗೆದಿದ್ದ ನಾಯಿಯೊಂದಕ್ಕೆ ತಾವು ಸಿದ್ಧಪಡಿಸಿದ ಸಾರವನ್ನು ಚುಚ್ಚಿದಾಗ ಒಂದು ಗಂಟೆಯಲ್ಲಿ ಅದರ ರಕ್ತದ ಸಕ್ಕರೆ 200ರಿಂದ 120ಕ್ಕೆ ಇಳಿಯಿತು. ಆ ನಾಯಿ ಮರುದಿನವೇ ಸತ್ತಿತು. ಆದರೂ ಹಿಡಿದ ದಾರಿ ವ್ಯರ್ಥವಲ್ಲವೆಂಬ ಭರವಸೆ ಮೂಡಿತು. ಆಗಸ್ಟ್‌ನಲ್ಲಿ 92ನೆಯ ಸಂಖ್ಯೆಯ ನಾಯಿ ಸಾರದ ಬಲದಿಂದ ಹಲವು ದಿನ ಬದುಕಿತ್ತು. ಅದರ ಮೇಲೆ ಬ್ಯಾಂಟಿಂಗ್ ಅವರಿಗೆ ವಿಶೇಷ ಮಮತೆ ಬೆಳೆದಿತ್ತು. ಅದರ ಸಾವು ಅವರನ್ನು ಬಹುಕಾಲ ಕಾಡಿತು. ಇಂದು ಮನುಷ್ಯರ ಮಕ್ಕಳು ಬದುಕಿರುವುದರ ಹಿಂದೆ ಈ ಮೂಕಪ್ರಾಣಿಗಳ ಬಲಿದಾನವಿದೆ ಎಂಬುದನ್ನು ನಾವು ಮರೆಯಬಾರದು.

ಸೆಪ್ಟೆಂಬರ್‌ನಲ್ಲಿ ಮೆಕ್ಲಿಯೋಡ್ ಮರಳಿ ಬಂದಾಗ, ಫಲಿತಾಂಶಗಳನ್ನು ಮತ್ತೆ ಮತ್ತೆ ಪರೀಕ್ಷಿಸಬೇಕೆಂದು ಪಟ್ಟುಹಿಡಿದರು. ಸಂಬಳವಿಲ್ಲದೆ ದುಡಿಯುತ್ತಿದ್ದ ಬ್ಯಾಂಟಿಂಗ್ ಅವರಿಗೆ ಅದು ಅಪನಂಬಿಕೆಯಂತೆ ಕಂಡಿತು. ಮಾತಿಗೆ ಮಾತು ಬೆಳೆಯಿತು. ಅಂದು ಬಿದ್ದ ಬಿರುಕು ಮುಂದೆಂದೂ ಮುಚ್ಚಲಿಲ್ಲ. ನಿಷ್ಪಕ್ಷಪಾತವಾಗಿ ನೋಡಿದರೆ ಮೆಕ್ಲಿಯೋಡ್ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಾಳೆ ಮನುಷ್ಯರ ಮೈಗೆ ಚುಚ್ಚಬೇಕಾದ ಔಷಧಿಯ ವಿಷಯದಲ್ಲಿ ಸಂಶಯವೂ ಒಂದು ಕರ್ತವ್ಯವೇ.

ಇದೇ ಸಮಯದಲ್ಲಿ ಬ್ಯಾಂಟಿಂಗ್ ಅವರ ಮೂಲ ಊಹೆಯೂ ಕಳಚಿಬಿತ್ತು. ನಾಳ ಕಟ್ಟಿ ವಾರಗಟ್ಟಲೆ ಕಾಯುವುದರಿಂದ ಸಾಕಷ್ಟು ಸಾರ ಸಿಗುತ್ತಿರಲಿಲ್ಲ. ನವೆಂಬರ್‌ನಲ್ಲಿ ಅವರು ಕಸಾಯಿಖಾನೆಯಿಂದ, ಇನ್ನೂ ಹುಟ್ಟದ ಕರುಗಳ ಮೇದೋಜೀರಕ ಗ್ರಂಥಿಗಳನ್ನು ತರಿಸಿದರು. ಡಿಸೆಂಬರ್ ಹೊತ್ತಿಗೆ ಬೆಳೆದ ದನಗಳ ಇಡೀ ಗ್ರಂಥಿಯಿಂದಲೇ ಮದ್ಯಸಾರದ ಸಹಾಯದಿಂದ ಹಾರ್ಮೋನನ್ನು ತೆಗೆಯಬಹುದೆಂದು ಗೊತ್ತಾಯಿತು. ಜೀರ್ಣರಸದ ಪ್ರಬಲ ಕಿಣ್ವ ಗ್ರಂಥಿಯೊಳಗೆ ನಿಷ್ಕ್ರಿಯ ರೂಪದಲ್ಲಿಯೇ ಇದ್ದು, ಕರುಳನ್ನು ಸೇರಿದ ಮೇಲಷ್ಟೇ ಕೆಲಸಕ್ಕೆ ತೊಡಗುತ್ತದೆ. ಹೀಗಾಗಿ ಆ ರಾತ್ರಿ ಬರೆದಿಟ್ಟ ಉಪಾಯ ಅನಗತ್ಯವಾಗಿತ್ತು. ಆದರೆ ಅದೊಂದು ಇಲ್ಲದಿದ್ದರೆ ಈ ಕೆಲಸಕ್ಕೆ ಅವರು ಕೈಹಾಕುತ್ತಲೇ ಇರಲಿಲ್ಲ.

ಲಿಯೊನಾರ್ಡ್ ಎಂಬ ಹುಡುಗ

ಡಿಸೆಂಬರ್ ತಿಂಗಳಲ್ಲಿ ಜೇಮ್ಸ್ ಬರ್ಟ್ರಮ್ ಕಾಲಿಪ್ ಎಂಬ ಜೀವರಸಾಯನ ವಿಜ್ಞಾನಿ ತಂಡವನ್ನು ಸೇರಿದರು. ಸಾರವನ್ನು ಶುದ್ಧೀಕರಿಸುವುದು ಅವರ ಹೊಣೆಯಾಯಿತು. ಬ್ಯಾಂಟಿಂಗ್ ಅವರಿಗೆ ತಾವು ಬಿತ್ತಿದ ಬೆಳೆಯನ್ನು ಮತ್ತೊಬ್ಬರು ಕೊಯ್ಯುತ್ತಾರೆಂಬ ಆತಂಕ. ಆದ್ದರಿಂದ ತಾವು ಮತ್ತು ಬೆಸ್ಟ್ ತಯಾರಿಸಿದ ಸಾರವನ್ನೇ ಮೊದಲು ರೋಗಿಗೆ ಕೊಡಬೇಕೆಂದು ಹಟಹಿಡಿದರು.

1922ರ ಜನವರಿ 11ರಂದು ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಆ ಚುಚ್ಚುಮದ್ದನ್ನು ನೀಡಲಾಯಿತು. ಆತನ ತೂಕ 30 ಕಿಲೋ ಕೂಡ ಇರಲಿಲ್ಲ. ರಕ್ತದ ಸಕ್ಕರೆ 440ರಿಂದ 320ಕ್ಕೆ ಮಾತ್ರ ಇಳಿಯಿತು. ಚುಚ್ಚಿದ ಕಡೆ ಬಾವು ಎದ್ದಿತು. ಚಿಕಿತ್ಸೆಯನ್ನು ನಿಲ್ಲಿಸಬೇಕಾಯಿತು. ಮುಂದಿನ ಹನ್ನೆರಡು ದಿನ ಕಾಲಿಪ್ ನಿದ್ದೆಗೆಟ್ಟು ದುಡಿದರು. ಯಾವ ಪ್ರಮಾಣದ ಮದ್ಯಸಾರದಲ್ಲಿ ಕಲ್ಮಷಗಳು ಗರಣೆಗಟ್ಟಿ ಹಾರ್ಮೋನು ಕರಗಿ ಉಳಿಯುತ್ತದೆ, ಯಾವ ಪ್ರಮಾಣದಲ್ಲಿ ಹಾರ್ಮೋನೇ ಗರಣೆಗಟ್ಟುತ್ತದೆ ಎಂಬ ಮರ್ಮವನ್ನು ಅವರು ಕಂಡುಕೊಂಡರು. ಜನವರಿ 23ರಂದು ಅವರ ಸಾರವನ್ನು ಲಿಯೊನಾರ್ಡನಿಗೆ ನೀಡಲಾಯಿತು. ಒಂದು ದಿನದೊಳಗೆ ರಕ್ತದ ಸಕ್ಕರೆ 520ರಿಂದ 120ಕ್ಕೆ ಇಳಿಯಿತು. ಮೂತ್ರದಲ್ಲಿ ಕೀಟೋನ್ ಮಾಯವಾಯಿತು. ಸಾವಿನ ಬಾಗಿಲಲ್ಲಿದ್ದ ಹುಡುಗ ಎದ್ದು ಕುಳಿತನು. ಮುಂದೆ ಹದಿಮೂರು ವರ್ಷ ಬದುಕಿದ ಆತ 1935ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡನು.

ಈ ಯಶಸ್ಸಿನ ದಿನಗಳಲ್ಲೇ ಬ್ಯಾಂಟಿಂಗ್ ಮತ್ತು ಕಾಲಿಪ್ ಪ್ರಯೋಗಾಲಯದಲ್ಲಿ ಕೈಕೈ ಮಿಲಾಯಿಸುವ ಹಂತಕ್ಕೆ ಹೋಗಿದ್ದರು ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಶುದ್ಧೀಕರಣದ ವಿಧಾನವನ್ನು ತಿಳಿಸಲು ಕಾಲಿಪ್ ನಿರಾಕರಿಸಿದ್ದೇ ಇದಕ್ಕೆ ಕಾರಣ. ಕೊನೆಗೆ ಎಲ್ಲರೂ ಒಟ್ಟಾಗಿ ಕೆಲಸ ಮಾಡುವ ಲಿಖಿತ ಒಪ್ಪಂದಕ್ಕೆ ಬಂದರು. ಮೇ 3ರಂದು ವಾಷಿಂಗ್ಟನ್‌ನಲ್ಲಿ ನಡೆದ ವೈದ್ಯರ ಸಮ್ಮೇಳನದಲ್ಲಿ ಮೆಕ್ಲಿಯೋಡ್ ಅವರು ತಂಡದ ಪರವಾಗಿ ಇನ್ಸುಲಿನ್ನಿನ ಸುದ್ದಿಯನ್ನು ಜಗತ್ತಿಗೆ ತಿಳಿಸಿದಾಗ, ಬ್ಯಾಂಟಿಂಗ್ ಮತ್ತು ಬೆಸ್ಟ್ ಅಲ್ಲಿಗೆ ಹೋಗಿರಲೇ ಇಲ್ಲ.

ಆ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ವಿದೇಶಾಂಗ ಸಚಿವರ ಮಗಳು ಎಲಿಜಬೆತ್ ಹ್ಯೂಸ್ ಬ್ಯಾಂಟಿಂಗ್ ಅವರ ಬಳಿಗೆ ಬಂದಳು. ಮೂರು ವರ್ಷದ ಉಪವಾಸದ ಪಥ್ಯದಿಂದ ಆಕೆಯ ತೂಕ ಸುಮಾರು 20 ಕಿಲೋಗೆ ಇಳಿದಿತ್ತು. ಇನ್ಸುಲಿನ್ ಆರಂಭವಾದ ಕೆಲವೇ ವಾರಗಳಲ್ಲಿ ಮೈತುಂಬಿಕೊಂಡ ಆಕೆ ಮುಂದೆ ಓದಿ, ಮದುವೆಯಾಗಿ, ಮೂರು ಮಕ್ಕಳ ತಾಯಿಯಾಗಿ 1981ರವರೆಗೆ ಬದುಕಿದರು. ಬ್ಯಾಂಟಿಂಗ್ ಅವರ ಸಹಪಾಠಿಯಾಗಿದ್ದ ಡಾ. ಜೋ ಗಿಲ್‌ಕ್ರಿಸ್ಟ್ ತಾವೇ ಮಧುಮೇಹಿಯಾಗಿದ್ದು, ಹೊಸದಾಗಿ ತಯಾರಾದ ಇನ್ಸುಲಿನ್ನನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡು ಪರೀಕ್ಷಿಸುತ್ತಿದ್ದರು. ಇಂತಹವರನ್ನೂ ನಾವು ನೆನೆಯಬೇಕು.

ಒಂದು ಡಾಲರ್ ಮತ್ತು ಒಂದು ಪ್ರಶಸ್ತಿ

ಬಯಸಿದ್ದರೆ ಇವರೆಲ್ಲ ಕುಬೇರರಾಗಬಹುದಿತ್ತು. ಆದರೆ 1923ರ ಜನವರಿಯಲ್ಲಿ ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ಇನ್ಸುಲಿನ್ನಿನ ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರ್‌ಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ವೈದ್ಯನಾದವನು ಔಷಧಿಯ ಮೇಲೆ ಒಡೆತನ ಸಾಧಿಸುವುದು ತನ್ನ ಧರ್ಮಕ್ಕೆ ಒಪ್ಪುವುದಿಲ್ಲವೆಂದು ಬ್ಯಾಂಟಿಂಗ್ ಅವರ ನಿಲುವಾಗಿತ್ತು. ಆರಂಭದಲ್ಲಿ ಅವರು ಪೇಟೆಂಟಿಗೆ ಹೆಸರು ಕೊಡಲೂ ಒಪ್ಪಿರಲಿಲ್ಲ. ಬೇರೆಯವರು ಏಕಸ್ವಾಮ್ಯ ಪಡೆಯದಂತೆ ತಡೆಯುವುದಷ್ಟೇ ಪೇಟೆಂಟಿನ ಉದ್ದೇಶವಾಗಿತ್ತು. ಅಮೆರಿಕದ ಎಲೈ ಲಿಲ್ಲಿ ಕಂಪನಿಯು ದೊಡ್ಡ ಪ್ರಮಾಣದ ತಯಾರಿಕೆಗೆ ತೊಡಗಿತು. ಡೆನ್ಮಾರ್ಕಿನ ನೊಬೆಲ್ ಪುರಸ್ಕೃತ ವಿಜ್ಞಾನಿ ಆಗಸ್ಟ್ ಕ್ರೋಗ್, ಮಧುಮೇಹದಿಂದ ಬಳಲುತ್ತಿದ್ದ ಪತ್ನಿ ಮೇರಿಯವರ ಸಲುವಾಗಿ ಟೊರಾಂಟೊಗೆ ಬಂದು ಅನುಮತಿ ಪಡೆದು, ಕೋಪನ್‌ಹೇಗನ್‌ನಲ್ಲಿ ತಯಾರಿಕೆ ಆರಂಭಿಸಿದರು.

1923ರ ಅಕ್ಟೋಬರ್‌ನಲ್ಲಿ ನೊಬೆಲ್ ಪ್ರಶಸ್ತಿ ಬ್ಯಾಂಟಿಂಗ್ ಮತ್ತು ಮೆಕ್ಲಿಯೋಡ್ ಅವರಿಗೆ ಘೋಷಣೆಯಾಯಿತು. ವೈದ್ಯವಿಭಾಗದಲ್ಲಿ ಬ್ಯಾಂಟಿಂಗ್ ಅವರಷ್ಟು ಚಿಕ್ಕ ವಯಸ್ಸಿನಲ್ಲಿ ಈ ಪ್ರಶಸ್ತಿ ಪಡೆದವರು ಇಂದಿಗೂ ಇಲ್ಲ. ಆದರೆ ಅವರು ಸಂತೋಷಪಡುವ ಬದಲು ಸಿಟ್ಟಾದರು. ತಮ್ಮೊಡನೆ ಸೆಕೆಯಲ್ಲಿ ಬೆವರು ಸುರಿಸಿದ ಬೆಸ್ಟ್ ಅವರನ್ನು ಬಿಟ್ಟು ಮೆಕ್ಲಿಯೋಡ್ ಅವರನ್ನು ಸೇರಿಸಿದ್ದು ಅವರಿಗೆ ಸಹಿಸಲಿಲ್ಲ. ತಮ್ಮ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟ್ ಅವರಿಗೆ ನೀಡುವುದಾಗಿ ಪ್ರಕಟಿಸಿದರು. ಮೆಕ್ಲಿಯೋಡ್ ಕೂಡ ತಮ್ಮ ಪಾಲಿನ ಅರ್ಧವನ್ನು ಕಾಲಿಪ್ ಅವರಿಗೆ ಕೊಟ್ಟರು. ಹೀಗೆ ಪ್ರಶಸ್ತಿ ಇಬ್ಬರ ಹೆಸರಿಗೆ ಬಂದರೂ ಹಣ ನಾಲ್ವರಿಗೆ ಹಂಚಿಹೋಯಿತು. ಇತ್ತ ರುಮೇನಿಯಾದ ನಿಕೊಲಾಯೆ ಪೌಲೆಸ್ಕು 1921ರಲ್ಲೇ ಇಂತಹುದೇ ಸಾರದ ಪ್ರಯೋಗಗಳನ್ನು ನಾಯಿಗಳ ಮೇಲೆ ನಡೆಸಿ ಪ್ರಕಟಿಸಿದ್ದರು. ಅವರ ಹೆಸರು ಪ್ರಶಸ್ತಿಯಲ್ಲಿ ಬರಲಿಲ್ಲ.

ಹಣದ ವಿಷಯದಲ್ಲಿ ಇಷ್ಟು ದೊಡ್ಡ ಮನಸ್ಸಿನವರಾದ ಬ್ಯಾಂಟಿಂಗ್, ಕೀರ್ತಿಯ ವಿಷಯದಲ್ಲಿ ಮೆಕ್ಲಿಯೋಡ್ ಅವರಿಗೆ ಸಲ್ಲಬೇಕಾದುದನ್ನು ಕೊನೆಯವರೆಗೂ ಸಲ್ಲಿಸಲಿಲ್ಲ. ಮೆಕ್ಲಿಯೋಡ್ 1928ರಲ್ಲಿ ಟೊರಾಂಟೊ ತೊರೆದು ಸ್ಕಾಟ್ಲೆಂಡಿಗೆ ಮರಳಿ, 1935ರಲ್ಲಿ ನಿಧನರಾದರು. ಅವರ ಪ್ರಯೋಗಾಲಯ, ರಕ್ತದ ಸಕ್ಕರೆ ಅಳೆಯುವಲ್ಲಿನ ಅವರ ನೈಪುಣ್ಯ, ಕಾಲಿಪ್ ಅವರನ್ನು ಸೇರಿಸಿಕೊಂಡ ಅವರ ವಿವೇಕ ಇವು ಇಲ್ಲದಿದ್ದರೆ ಬ್ಯಾಂಟಿಂಗ್ ಅವರ ಯತ್ನವೂ ಹಿಂದಿನವರ ಯತ್ನಗಳ ಸಾಲಿಗೇ ಸೇರುತ್ತಿತ್ತು ಎಂದು ನಮಗೆ ಅನ್ನಿಸುತ್ತದೆ. ಬ್ಯಾಂಟಿಂಗ್ ಅವರ ಛಲವಿಲ್ಲದಿದ್ದರೆ ಅದು ಟೊರಾಂಟೊದಲ್ಲಿ ಆರಂಭವೇ ಆಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಕೊನೆಯ ವರ್ಷಗಳು

ಕೆನಡಾ ಸಂಸತ್ತು ಬ್ಯಾಂಟಿಂಗ್ ಅವರಿಗೆ ವರ್ಷಕ್ಕೆ 7500 ಡಾಲರ್‌ಗಳ ಗೌರವಧನವನ್ನು ಮಂಜೂರು ಮಾಡಿತು. 1934ರಲ್ಲಿ ಸರ್ ಪದವಿ ಬಂತು. ಆದರೆ ಇನ್ಸುಲಿನ್ನಿನಂತಹ ಮತ್ತೊಂದು ಸಂಶೋಧನೆ ಅವರಿಂದ ಆಗಲಿಲ್ಲ. ಮೊದಲ ದಾಂಪತ್ಯ 1932ರಲ್ಲಿ ವಿಚ್ಛೇದನದಲ್ಲಿ ಮುಗಿಯಿತು. ಮನಸ್ಸಿನ ನೆಮ್ಮದಿಗಾಗಿ ಅವರು ಕುಂಚ ಹಿಡಿದರು. ಕೆನಡಾದ ಪ್ರಸಿದ್ಧ ಚಿತ್ರಕಾರ ಎ. ವೈ. ಜ್ಯಾಕ್ಸನ್ ಅವರ ಆಪ್ತ ಗೆಳೆಯರಾಗಿ, ಅವರೊಡನೆ ಹಿಮದ ಹಳ್ಳಿಗಳಲ್ಲಿ, 1927ರಲ್ಲಿ ಉತ್ತರಧ್ರುವದ ಸಮೀಪದ ಪ್ರದೇಶಗಳಲ್ಲಿಯೂ ಸಂಚರಿಸಿ ಚಿತ್ರಗಳನ್ನು ಬರೆದರು.

ಎರಡನೆಯ ಮಹಾಯುದ್ಧ ಆರಂಭವಾದಾಗ ಅವರು ವಿಮಾನ ಚಾಲಕರ ಶರೀರದ ಮೇಲೆ ವೇಗ ಮತ್ತು ಎತ್ತರಗಳು ಉಂಟುಮಾಡುವ ಪರಿಣಾಮಗಳ ಸಂಶೋಧನೆಗೆ ನೆರವಾದರು. 1941ರ ಫೆಬ್ರವರಿಯಲ್ಲಿ ಯುದ್ಧಕಾರ್ಯದ ನಿಮಿತ್ತ ಇಂಗ್ಲೆಂಡಿಗೆ ಹೊರಟಾಗ ದಾರಿಯಲ್ಲಿ ಮಾಂಟ್ರಿಯಲ್ ನಗರದಲ್ಲಿ ಕಾಲಿಪ್ ಅವರನ್ನು ಕಂಡರು. ಹಿಂದೊಮ್ಮೆ ಜಗಳವಾಡಿದ್ದ ಇಬ್ಬರೂ ಅಷ್ಟರಲ್ಲಿ ಒಳ್ಳೆಯ ಸ್ನೇಹಿತರಾಗಿದ್ದರು. ಕೆಲ ದಿನಗಳಲ್ಲೇ ಬ್ಯಾಂಟಿಂಗ್ ಅವರಿದ್ದ ವಿಮಾನ ನ್ಯೂಫೌಂಡ್‌ಲ್ಯಾಂಡಿನ ಮಸ್‌ಗ್ರೇವ್ ಹಾರ್ಬರ್ ಬಳಿ ಹಿಮದಲ್ಲಿ ಅಪಘಾತಕ್ಕೀಡಾಯಿತು. ಚಾಲಕ ಮಾತ್ರ ಬದುಕಿ ಉಳಿದರು. ಫೆಬ್ರವರಿ 21ರಂದು ಬ್ಯಾಂಟಿಂಗ್ ಕೊನೆಯುಸಿರೆಳೆದರು. ಆಗ ಅವರಿಗೆ 49 ವರ್ಷ.

ಅವರ ನಂತರವೂ ಇನ್ಸುಲಿನ್ನಿನ ಕಥೆ ಮುಂದುವರಿಯಿತು. 51 ಅಮೈನೋ ಆಮ್ಲಗಳು ಎರಡು ಸರಗಳಲ್ಲಿ ಪೋಣಿಸಿಕೊಂಡಿರುವ ಅದರ ಕ್ರಮವನ್ನು ಫ್ರೆಡೆರಿಕ್ ಸ್ಯಾಂಗರ್ 1955ರ ಹೊತ್ತಿಗೆ ಬಿಡಿಸಿದರು. 1969ರಲ್ಲಿ ಡೊರೊತಿ ಹಾಡ್ಜ್‌ಕಿನ್ ಅದರ ಮೂರು ಆಯಾಮದ ಆಕೃತಿಯನ್ನು ತೋರಿಸಿದರು. ಅಲ್ಲಿಯವರೆಗೆ ದನ ಮತ್ತು ಹಂದಿಗಳ ಗ್ರಂಥಿಗಳಿಂದಲೇ ಬರುತ್ತಿದ್ದ ಇನ್ಸುಲಿನ್ನನ್ನು 1978ರಲ್ಲಿ ಬ್ಯಾಕ್ಟೀರಿಯಾಗಳಲ್ಲಿ, ಮನುಷ್ಯನ ಇನ್ಸುಲಿನ್ನಿನ ರೂಪದಲ್ಲೇ ತಯಾರಿಸಲಾಯಿತು. 1982ರಲ್ಲಿ ಅದು ಮಾರುಕಟ್ಟೆಗೆ ಬಂತು.

ನಮ್ಮ ಮನೆಗಳಿಗೆ ಒಂದು ಮಾತು

ಇನ್ಸುಲಿನ್ ಮಧುಮೇಹವನ್ನು ವಾಸಿಮಾಡುವುದಿಲ್ಲ. ಅದರೊಡನೆ ಬದುಕಲು ಬಿಡುತ್ತದೆ. ಈ ವ್ಯತ್ಯಾಸ ತಿಳಿಯದೆ ನಮ್ಮಲ್ಲಿ ಎರಡು ಬಗೆಯ ತಪ್ಪುಗಳಾಗುತ್ತವೆ. ವೈದ್ಯರು ಇನ್ಸುಲಿನ್ ಎಂದೊಡನೆ ಕೊನೆಗಾಲ ಬಂತೆಂದು ಹೆದರುವ ಹಿರಿಯರಿದ್ದಾರೆ. ಯಾರೋ ಹೇಳಿದ ಮನೆಮದ್ದನ್ನು ನಂಬಿ ಮಗುವಿನ ಚುಚ್ಚುಮದ್ದನ್ನು ನಿಲ್ಲಿಸಿ ಪ್ರಾಣಾಪಾಯ ತಂದುಕೊಂಡವರೂ ಇದ್ದಾರೆ. ಮೊದಲನೆಯ ಬಗೆಯ ಮಧುಮೇಹವಿರುವ ಮಗುವಿಗೆ ಇನ್ಸುಲಿನ್ ಎಂಬುದು ಅನ್ನನೀರಿನಷ್ಟೇ ಅಗತ್ಯ. ಹಾಗೆಯೇ ಮಗುವಿಗೆ ಕಾಯಿಲೆಯಿದೆ ಎಂಬುದನ್ನು ನೆಂಟರಿಷ್ಟರಿಂದ ಮುಚ್ಚಿಡುವ ವಾಡಿಕೆಯೂ ನಮ್ಮಲ್ಲಿ ಉಳಿದಿದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರವಿಸರ್ಜನೆ, ಉಂಡರೂ ತೂಕ ಇಳಿಯುವುದು, ಇವು ಮಕ್ಕಳಲ್ಲಿ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕೆಂದು ನಮ್ಮ ಓದುಗರಲ್ಲಿ ವಿನಂತಿಸುತ್ತೇವೆ.

ಒಂದು ಡಾಲರ್‌ಗೆ ಹಕ್ಕನ್ನು ಬಿಟ್ಟುಕೊಟ್ಟವರ ಆಶಯ ಇನ್ನೂ ಪೂರ್ತಿಯಾಗಿ ಈಡೇರಿಲ್ಲ. ಒಂದು ಸೀಸೆ ಇನ್ಸುಲಿನ್ ಕೊಳ್ಳಲು ಕಷ್ಟಪಡುವ ಕುಟುಂಬಗಳು ನಮ್ಮ ದೇಶದಲ್ಲಿಯೂ ಹೊರದೇಶಗಳಲ್ಲಿಯೂ ಇವೆ. ಬರುವ ನವೆಂಬರ್ 14ರಂದು ನಮ್ಮ ಮಕ್ಕಳಿಗೆ ಸಿಹಿ ಹಂಚುವಾಗ, ಅಂತಹ ಒಂದು ಮಗುವಿನ ಒಂದು ತಿಂಗಳ ಔಷಧಿಯ ವೆಚ್ಚವನ್ನು ನಮ್ಮಲ್ಲಿ ಯಾರಾದರೂ ವಹಿಸಿಕೊಂಡರೆ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮತ್ತು ಮೆಕ್ಲಿಯೋಡ್ ಈ ನಾಲ್ವರಿಗೂ ಅದು ನಮ್ಮ ಗೌರವವಾಗುತ್ತದೆ.